ಫೋನಕ್ಕನ ಕುರ್ಚಿ

ಚಳಿ ಇಳಿದು ಸೆಕೆ ಇನ್ನೂ ಏರದ ದಿನಗಳು. ಬೆಳಗ್ಗೆ ಬಾಗಿಲು ತೆರೆಯುವ ಹೊತ್ತಿಗೆ, ಪಂಪಿನ ಬಿಡಿಭಾಗ ಮಾರುವ ಆ ಕಚೇರಿಯ ಹಳೆಯ ಫೋನ್ ಪೆಟ್ಟಿಗೆ ಒಮ್ಮೆ ಗೊರಗೊರ ಎಂದು ಸುಮ್ಮನಾಯಿತು.

ಬಂದ ಕರೆಗಳನ್ನೆಲ್ಲ ಎತ್ತಿ, ಬೇಕಾದವರ ಮೇಜಿಗೆ ದಾಟಿಸುತ್ತಿದ್ದವಳು ಫೋನಕ್ಕ. ಬಿಡಿಭಾಗಗಳ ಸ್ಟೋರು ನೋಡಿಕೊಳ್ಳುವ ಸ್ಟೋರಿನವನು, ಹೆಂಡತಿ ತೀರಿಕೊಂಡ ಮೇಲೆ, ದಿನದ ಮೊದಲ ಮಾತು ಕೇಳುತ್ತಿದ್ದದ್ದು ಅವಳಿಂದಲೇ: “ತಿಂಡಿ ಆಯ್ತಾ? ಒಂದ್ ಕಾಲ್ ಇದೆ, ತಗೊಳ್ಳಿ.”

ಯಜಮಾನರು ಅವನನ್ನು ಕರೆದರು. “ಹಳೇ ಪೆಟ್ಟಿಗೆ ಹೋಯ್ತು. ಎರಡು ದಾರಿ ಇದ್ಯಂತೆ ಕಣಯ್ಯ. ಒಂದು, ಫೋನಿಗೆ ಅಂತ್ಲೇ ಮಾಡಿರೋ ಪೆಟ್ಟಿಗೆ. ಕರೆಗಳನ್ನ ಅದೇ ದಾಟಿಸತ್ತೆ, ಗೋಡೆಗೆ ಹಾಕಿ ಮರ್ತುಬಿಡೋದು. ಇನ್ನೊಂದು, ಮಾಮೂಲಿ ಕಂಪ್ಯೂಟರನ್ನೇ ಕರೆ ಹಂಚೋ ಸರ್ವರ್ ಮಾಡೋದು. ಯಾವ್ದು ಅಂತ ಸಂಜೆಯೊಳಗೆ ಹೇಳು.”

ಸ್ಟೋರಿನವನು ಮನಸ್ಸಿನಲ್ಲೇ ಲೆಕ್ಕ ಹಾಕಿದ. ಮರೆತುಬಿಡುವ ಪೆಟ್ಟಿಗೆ ಬಂದರೆ ಫೋನಕ್ಕನನ್ನೂ ಮರೆಯುತ್ತಾರೆ. ಕಂಪ್ಯೂಟರಾದರೆ ಕಾಯಲು ಒಬ್ಬರು ಬೇಕು.

“ಕಂಪ್ಯೂಟರೇ ಸರ್,” ಎಂದ. ಮಧ್ಯಾಹ್ನದೊಳಗೆ ಒಂದನ್ನು ತಂದು ಹೂಡಿದರು.

ಲೆಕ್ಕದವರು ಬಂದು, “ಇಷ್ಟ್ ದೊಡ್ಡ ಯಂತ್ರ ಬರೀ ಹಲೋ ಅನ್ನೋಕಾ?” ಎಂದು ಬಿಲ್ಲುಗಳನ್ನು ಅದರಲ್ಲೇ ಹಾಕಿಕೊಂಡರು. ಮಾರಾಟದವನು ಹಾಡು ಹಚ್ಚಿದ. ಕರೆ ಮಾಡಿದವರ ಮಾತು ಬಿಕ್ಕಳಿಕೆ ಹತ್ತಿದ ಮಗುವಿನಂತೆ ತುಂಡುತುಂಡಾಗಿ ಬರತೊಡಗಿತು. ಕೊನೆಗೆ ಯಜಮಾನರು ದೊಡ್ಡ ಗಿರಾಕಿಯ ಹತ್ತಿರ ಮಾತಾಡುತ್ತಿದ್ದಾಗಲೇ ಕಂಪ್ಯೂಟರು ಅಪ್‌ಡೇಟ್ ಮಾಡಿಕೊಳ್ಳಲು ಹೋಗಿ ಕರೆಯನ್ನೇ ಕಡಿದುಬಿಟ್ಟಿತು.

“ಇದನ್ನಾ ನೀನು ಆರಿಸಿದ್ದು?”

ಸ್ಟೋರಿನವನು ಕಂಪ್ಯೂಟರಿನ ಪಕ್ಕ ಬಂದು ನಿಂತ. “ಪೆಟ್ಟಿಗೆ ಕೆಟ್ರೆ ಅವರ ಕಂಪನಿಗೇ ಹೊತ್ಕೊಂಡು ಹೋಗ್ಬೇಕು ಸರ್. ಇದಾದ್ರೆ ಭಾಗ ನಾವೇ ಬದಲಾಯಿಸ್ಬೋದು. ಆದ್ರೆ ಯಾರೂ ಮುಟ್ಟದ ಹಾಗೆ ಪಕ್ಕದಲ್ಲಿ ನಂಬಿಕಸ್ಥರು ಒಬ್ರು ದಿನವಿಡೀ ಕೂತಿರ್ಲೇಬೇಕು.” ಹೇಳುತ್ತಾ ಮೆಲ್ಲಗೆ ಫೋನಕ್ಕನ ಕಡೆ ನೋಡಿದ.

ಯಜಮಾನರು ತಲೆದೂಗಿದರು. “ಅದೂ ಸರಿಯೇ. ಇದೇ ಇರ್ಲಿ. ಇಷ್ಟೆಲ್ಲ ತಿಳಿದೋನು ನೀನೇ ಕೂತ್ಕೋ.”

“ಅಯ್ಯೋ, ಅಕ್ಕ ಇದ್ದಾರಲ್ಲ ಸರ್.”

ಫೋನಕ್ಕ ನಕ್ಕಳು. “ಕೆಲ್ಸ ಬಿಟ್ಟು ತಂಗಿ ಮನೇಲಿ ಹೋಗಿ ಇರ್ತೀನಿ ಅಂತ ಯಜಮಾನ್ರಿಗೆ ಮೊನ್ನೆನೇ ಹೇಳ್ಬಿಟ್ಟಿದ್ದೀನಿ. ಈ ಕುರ್ಚಿಗೆ ಯಾರು ಅನ್ನೋದೊಂದೇ ಚಿಂತೆ ಇತ್ತು. ನಿಮ್ಮಿಂದ ಅದೂ ಕಳೀತು ನೋಡಿ.” ಕುರ್ಚಿಯ ಮೇಲಿನ ಪುಟ್ಟ ದಿಂಬನ್ನು ತಟ್ಟಿ, “ಇದು ಇರ್ಲಿ. ಸೊಂಟ ಹಿಡಿಯತ್ತೆ ನಿಮಗೆ,” ಎಂದಳು.

ಶುಕ್ರವಾರ ಫೋನಕ್ಕ ತಂಗಿಯ ಮನೆಗೆ ಹೋದಳು. ಸೋಮವಾರ ಅವಳ ಕುರ್ಚಿಯಲ್ಲಿ ಕೂತು ಸ್ಟೋರಿನವನು ಎತ್ತಿದ ಮೊದಲ ಕರೆಯಲ್ಲಿ ಕೇಳಿದ್ದು ಅವಳದೇ ದನಿ, “ತಿಂಡಿ ಆಯ್ತಾ?”

ಅವನು ಬಾಯಿ ತೆರೆಯುವಷ್ಟರಲ್ಲಿ ಕಂಪ್ಯೂಟರು ಮತ್ತೆ ಅಪ್‌ಡೇಟಿಗೆ ಹೋಯಿತು.