ಕೈಮುಗಿದವರಿಗೆ ಒಂದು ರೂಪಾಯಿ ಕಡಿಮೆ

ಕೂಡ್ಲಿಗಿಯಲ್ಲಿ ಊಟಕ್ಕೆ ಮುಂಚೆ ದೇವರಿಗೆ ಕೈಮುಗಿಯುವ ಅಧಿಕೃತ ಅವಧಿ ಹದಿನೇಳು ಸೆಕೆಂಡು. ಇದಕ್ಕಿಂತ ಕಡಿಮೆ ಹೊತ್ತು ಮುಗಿದರೆ ಅದನ್ನು ಕೈ ಜೋಡಿಸಿದ್ದು ಎನ್ನಬಹುದೇ ಹೊರತು ಭಕ್ತಿ ಎನ್ನಲು ಬರುವುದಿಲ್ಲ. ಹೆಚ್ಚು ಹೊತ್ತು ಮುಗಿಯುವವರಿಗೆ ಅಭ್ಯಂತರವಿಲ್ಲ, ಆದರೆ ಹೆಚ್ಚುವರಿ ಭಕ್ತಿಗೆ ಹೆಚ್ಚುವರಿ ರಿಯಾಯಿತಿ ಇರುವುದಿಲ್ಲ. ಈ ನಿಯಮ ಜಾರಿಗೆ ಬಂದದ್ದು ತೊಂಬತ್ತೆಂಟನೇ ಇಸವಿಯಲ್ಲಿ. ಅದಕ್ಕೆ ಕಾರಣಳಾದ ಗಂಗಾಂಬಿಕಾ ಎಂಬ ಹೆಂಗಸಿಗೆ ಅಂಥ ಯಾವ ಉದ್ದೇಶವೂ ಇರಲಿಲ್ಲ.

ಗಂಗಾಂಬಿಕಾ ಬಸ್ ನಿಲ್ದಾಣದ ಹಿಂದೆ ಖಾನಾವಳಿ ಇಟ್ಟಿದ್ದಳು. ಜೋಳದ ರೊಟ್ಟಿ, ಹೆಸರುಕಾಳಿನ ಪಲ್ಯ, ಶೇಂಗಾ ಚಟ್ನಿ, ಅನ್ನ, ಸಾರು. ಊಟಕ್ಕೆ ಹನ್ನೆರಡು ರೂಪಾಯಿ. ಎರಡನೇ ಸಲ ಉಳ್ಳಾಗಡ್ಡಿ ಕೇಳಿದವರನ್ನು ಅವಳು ನೋಡುವ ನೋಟಕ್ಕೆ ಹೆದರಿ ಎಷ್ಟೋ ಜನ ಉಳ್ಳಾಗಡ್ಡಿ ತಿನ್ನುವುದನ್ನೇ ಬಿಟ್ಟಿದ್ದರು. ಇಂಥವಳು ಒಬ್ಬನಿಗೆ ಮಾತ್ರ ಒಂದು ರೂಪಾಯಿ ಬಿಡುತ್ತಿದ್ದಳು. ಅವನು ಹೊಸಹಳ್ಳಿ ಕಡೆಯ ಕುರಿಗಾರ ಜಂಬಣ್ಣ. ಸಂತೆಯ ದಿನ ಊಟಕ್ಕೆ ಬರುವವನು. ತಾಟು ಮುಂದೆ ಬಂದ ಕೂಡಲೇ ರೊಟ್ಟಿಯ ಒಂದು ಚೂರು ಮುರಿದು, ಮೈಲಾರಲಿಂಗನ ಹೆಸರಲ್ಲಿ ತಾಟಿನ ಅಂಚಿಗೆ ಎಡೆ ಇಟ್ಟು, ಕಣ್ಣು ಮುಚ್ಚಿ ಕೈಮುಗಿಯುತ್ತಿದ್ದ. ಉಂಡಾದ ಮೇಲೆ ಆ ಚೂರನ್ನು ಬಾಗಿಲಾಚೆ ಕಾಯುತ್ತಿದ್ದ ನಾಯಿಗೆ ಹಾಕುತ್ತಿದ್ದ. ತಾನು ಬಡಿದ ರೊಟ್ಟಿಯ ಮುಂದೆ ಒಬ್ಬನಾದರೂ ಕೈಮುಗಿಯುತ್ತಾನಲ್ಲ ಎಂದು ಗಂಗಾಂಬಿಕಾಗೆ ಒಳಗೊಳಗೇ ಹಿಗ್ಗು. ಇಪ್ಪತ್ತು ವರ್ಷ ಬಾಳಿದ ಗಂಡ ಆ ರೊಟ್ಟಿಯ ಬಗ್ಗೆ "ತಣ್ಣಗಾಗ್ಯಾವ" ಎಂದದ್ದು ಬಿಟ್ಟರೆ ಬೇರೇನೂ ಹೇಳಿರಲಿಲ್ಲ.

ಒಂದು ಸಂತೆಯ ದಿನ ಇದು ಉಚ್ಚಂಗೆಪ್ಪ ಮೇಷ್ಟ್ರ ಕಣ್ಣಿಗೆ ಬಿತ್ತು. ಮೇಷ್ಟ್ರು ಅದೇ ಖಾನಾವಳಿಯ ದಿನದ ಗಿರಾಕಿ, ಮತ್ತು ಊರಿನ ಏಕೈಕ ನಾಸ್ತಿಕರು.

"ಯಾಕ ಗಂಗಕ್ಕ, ಅವಗ ಹನ್ನೊಂದು, ನನಗ ಹನ್ನೆರಡು?"

"ಅವ ಅನ್ನಕ್ಕ ಕೈ ಮುಗೀತಾನ್ರಿ ಮೇಷ್ಟ್ರ."

"ನಾನು ಮುಗಿಯಂಗಿಲ್ಲ. ದೇವ್ರಿಲ್ಲ ಅಂತ ಮೂವತ್ತು ವರ್ಷದಿಂದ ಹೇಳಿಕೋತ ಬಂದೀನಿ."

"ಹೇಳ್ರಿ, ಬ್ಯಾಡ ಅಂದವ್ರ್ಯಾರು?"

"ಅಂದ್ರ ದೇವ್ರಿಲ್ಲ ಅಂದಿದ್ದಕ್ಕ ದಿನಾ ಒಂದು ರೂಪಾಯಿ ದಂಡ ಕಟ್ಟಾಕತ್ತೀನಿ ಅಂತಾತು!"

ಮೇಷ್ಟ್ರಿಗೆ ರೂಪಾಯಿಯ ಚಿಂತೆ ಇರಲಿಲ್ಲ, ತತ್ವದ ಚಿಂತೆ. ಸಾಲಿನಲ್ಲಿ ಕೂತಿದ್ದ ಉಳಿದವರಿಗೆ ತತ್ವದ ಚಿಂತೆ ಇರಲಿಲ್ಲ. ಮರುದಿನ ಮಧ್ಯಾಹ್ನ ಖಾನಾವಳಿಯ ಇಡೀ ಸಾಲು ಕಣ್ಣು ಮುಚ್ಚಿ ಕೈಮುಗಿದು ಕೂತಿತ್ತು. ಒಬ್ಬ ರೊಟ್ಟಿಗೊಮ್ಮೆ, ಅನ್ನಕ್ಕೊಮ್ಮೆ ಮುಗಿದು ಎರಡು ರೂಪಾಯಿ ಕೇಳಿದ. ಇಲ್ಲ ಎನ್ನಬೇಕಾದರೆ ನಿಮ್ಮ ಭಕ್ತಿ ಸುಳ್ಳು ಎನ್ನಬೇಕು, ಅದನ್ನು ಮುಖದ ಮೇಲೆ ಹೇಳುವ ಎದೆಗಾರಿಕೆ ಮಠದ ಸ್ವಾಮಿಗಳಿಗೂ ಇಲ್ಲ. ಗಂಗಾಂಬಿಕಾ ಹಲ್ಲು ಕಚ್ಚಿಕೊಂಡು ಎಲ್ಲರಿಗೂ ಬಿಟ್ಟಳು.

ಮೇಷ್ಟ್ರು ಅಷ್ಟರಲ್ಲಿ ಉಪಾಹಾರ ಮಂದಿರಗಳ ಮೇಲ್ವಿಚಾರಣಾ ಉಪಶಾಖೆಗೆ ಅರ್ಜಿ ಬರೆದಿದ್ದರು. ಅಂಥದೊಂದು ಉಪಶಾಖೆ ಇರುವುದು ಊರಿನಲ್ಲಿ ಬಹಳ ಜನಕ್ಕೆ ಗೊತ್ತಿರಲಿಲ್ಲ. ಅರ್ಜಿಯ ಒಕ್ಕಣೆ ಹೀಗಿತ್ತು: "ಧಾರ್ಮಿಕ ಆಚರಣೆಯ ಆಧಾರದ ಮೇಲೆ ವ್ಯಾಪಾರಿಗಳು ಗ್ರಾಹಕರಿಗೆ ರಿಯಾಯಿತಿ ಕೊಡಬಹುದೇ? ಕೊಡಬಹುದಾದಲ್ಲಿ, ಭಕ್ತಿ ಇಲ್ಲದವನು ಏನು ಮಾಡತಕ್ಕದ್ದು?" ಒಂಬತ್ತು ವರ್ಷಗಳಲ್ಲಿ ಉಪಶಾಖೆಗೆ ಬಂದ ಮೊದಲ ಪ್ರಶ್ನೆ ಅದು. ಸಿಬ್ಬಂದಿ ಅದನ್ನು ಕೈಯಿಂದ ಕೈಗೆ ದಾಟಿಸಿ, ಓದಿ, ಸಂತೋಷಪಟ್ಟು, ಉತ್ತರ ಇತ್ಯರ್ಥವಾಗುವವರೆಗೆ ಗಂಗಾಂಬಿಕಾಳ ಲೈಸೆನ್ಸ್ ನವೀಕರಣವನ್ನು ತಡೆಹಿಡಿದರು. ತಿಂಗಳ ಕೊನೆಗೆ ಲೈಸೆನ್ಸ್ ಕೈಗೆ ಬಾರದಿದ್ದರೆ ಖಾನಾವಳಿಗೆ ಬೀಗ.

ಗಂಗಾಂಬಿಕಾ ಸೆರಗು ಬಿಗಿದುಕೊಂಡು ಕಚೇರಿಗೆ ಹೋದಳು. ಉಪಶಾಖೆಯ ಮೇಲ್ವಿಚಾರಕ ಗುರುಬಸವರಾಜ ಅವಳನ್ನು ಕೂಡಿಸಿ ವಿಚಾರಣೆ ಮಾಡಿದ.

"ರಿಯಾಯಿತಿ ಯಾವ ಧರ್ಮಕ್ಕ ಕೊಟ್ಟೀರಮ್ಮ?"

"ಧರ್ಮಕ್ಕಲ್ರಿ ಸಾಹೇಬ್ರ. ಜಂಬಣ್ಣಗ ಕೊಟ್ಟೀನಿ."

"ಜಂಬಣ್ಣಗ ಕಾಲಂ ಇಲ್ಲ. ಧರ್ಮಕ್ಕ ಐತಿ, ಆಚರಣಿಗೆ ಐತಿ."

"ಅವ ಚಲೋ ಮನಷ್ಯಾ ಅದಾನ್ರಿ, ಅದಕ್ಕ ಕೊಟ್ಟೆ."

"ಚಲೋ ಮನಷ್ಯಾ ಅಂತ ಕೊಟ್ರ ಅದು ಪಕ್ಷಪಾತ ಆಕ್ಕೈತಿ ನೋಡ್ರಿ. ಭಕ್ತಿಗೆ ಅಂತ ಕೊಡ್ರಿ, ಆಗ ನಿಯಮ ಮಾಡಬೋದು."

ಲೈಸೆನ್ಸಿನ ಆಸೆಗೆ ಗಂಗಾಂಬಿಕಾ ಭಕ್ತಿಗೆ ಎಂದು ಹೆಬ್ಬೆರಳು ಗಾತ್ರದ ಅಕ್ಷರದಲ್ಲಿ ಬರೆದುಕೊಟ್ಟಳು. ಜಂಬಣ್ಣನ ರೂಪಾಯಿಗೂ ಕುತ್ತು ಬಾರದಲ್ಲ ಎಂದು ಕೇಳಿದ್ದಕ್ಕೆ ಸಾಹೇಬ ನಕ್ಕು, "ಮೊದ್ಲು ಅವಂದ ಆಗ್ತೈತಿ" ಎಂದ.

ಹಾಗೆಯೇ ಆಯಿತು. ಭಕ್ತಿಗೆ ರಿಯಾಯಿತಿ ಎಂದ ಮೇಲೆ ಎಷ್ಟು ಭಕ್ತಿಗೆ ಎಂಬ ಪ್ರಶ್ನೆ ಬಂತು. ಒಂದೊಂದು ದೇವರಿಗೆ ಒಂದೊಂದು ಅಳತೆ ಇಟ್ಟರೆ ತಾರತಮ್ಯ. ಎಲ್ಲರಿಗೂ ಒಂದೇ ಅಳತೆ ಬೇಕು, ಅದಕ್ಕೊಂದು ಮಾದರಿ ಬೇಕು. ಮೂಲ ಫಲಾನುಭವಿ ಜಂಬಣ್ಣನೇ ಮಾದರಿ ಎಂದು ತೀರ್ಮಾನವಾಯಿತು. ಮುಂದಿನ ಸಂತೆಯ ದಿನ ಗುರುಬಸವರಾಜ ಹೈಸ್ಕೂಲಿನ ಡ್ರಿಲ್ ಮೇಷ್ಟ್ರಿಂದ ಓಟದ ಪಂದ್ಯದ ಗಡಿಯಾರ ತಂದು ಕಂಬದ ಮರೆಗೆ ನಿಂತ. ಜಂಬಣ್ಣ ಬಂದ, ಕಂಬಳಿ ಇಳಿಸಿದ, ಎಡೆ ಇಟ್ಟ, ಕೈಮುಗಿದ. ಅವತ್ತು ತುಟಿ ಅಲ್ಲಾಡುತ್ತಲೇ ಇತ್ತು, ಕಣ್ಣು ತೆರೆಯಲೊಲ್ಲ. ಹದಿನೇಳು ಸೆಕೆಂಡು! ಜಂಬಣ್ಣ ಅರ್ಧಂಬರ್ಧ ಉಂಡು, ಚಿಲ್ಲರೆಯನ್ನೂ ಕೇಳದೆ ಓಡಿದ. ಇಬ್ಬರು ಸಾಕ್ಷಿಗಳು ರುಜು ಹಾಕಿದರು. ಖಾನಾವಳಿಯ ಗೋಡೆಗೆ ಪ್ರಕಟಣೆ ಅಂಟಿತು:

"ಸಾರ್ವಜನಿಕರ ಗಮನಕ್ಕೆ. ಊಟಕ್ಕೆ ಮುಂಚಿತವಾಗಿ ಹದಿನೇಳು ಸೆಕೆಂಡಿಗೆ ಕಡಿಮೆ ಇಲ್ಲದಂತೆ ಪ್ರಾರ್ಥಿಸುವ ಗ್ರಾಹಕರು, ಜಾತಿ ಮತ ಭೇದವಿಲ್ಲದೆ, ಒಂದು ರೂಪಾಯಿ ರಿಯಾಯಿತಿಗೆ ಅರ್ಹರು. ಪ್ರಾರ್ಥನೆಯ ಅವಧಿಯಲ್ಲಿ ಅಗಿಯತಕ್ಕದ್ದಲ್ಲ. ದೇವರಲ್ಲಿ ನಂಬಿಕೆ ಇಲ್ಲದವರು ಅಷ್ಟೇ ಅವಧಿಗೆ, ಯಾರನ್ನೂ ಉದ್ದೇಶಿಸದೆ, ಕೈಮುಗಿಯಬಹುದು. ಮಾದರಿ: ಶ್ರೀ ಜಂಬಣ್ಣ, ಹೊಸಹಳ್ಳಿ."

ಲೈಸೆನ್ಸ್ ಬಂತು. ಅದರ ಜೊತೆಗೆ ಗುರುಬಸವರಾಜನೂ ಬಂದ. ಅಳೆಯಲು ಅಧಿಕಾರಿ ಬೇಕಲ್ಲ? ಅವನು ಪ್ರತಿ ಮಧ್ಯಾಹ್ನ ಗಡಿಯಾರ ಹಿಡಿದು ಬಾಗಿಲ ಬಳಿ ಕೂತು, ಪಾಸು ನಪಾಸು ಹೇಳಿ, ಕೊನೆಗೆ ಉಸ್ತುವಾರಿ ಊಟ ಎಂಬ ಹೆಸರಿನಲ್ಲಿ ಬಿಟ್ಟಿ ಉಣ್ಣುತ್ತಿದ್ದ. ಅವನಿಗೆ ಮಾತ್ರ ಉಳ್ಳಾಗಡ್ಡಿ ಎಷ್ಟು ಸಲ ಕೇಳಿದರೂ ಸಿಗುತ್ತಿತ್ತು. ಈ ಖರ್ಚೆಲ್ಲ ಸರಿದೂಗಲಿ ಎಂದು ಗಂಗಾಂಬಿಕಾ ಊಟಕ್ಕೆ ಹದಿಮೂರು ಮಾಡಿದಳು. ಯಾರೂ ತಕರಾರು ತೆಗೆಯಲಿಲ್ಲ. ಹದಿಮೂರರ ಊಟ ಹನ್ನೆರಡಕ್ಕೇ ಸಿಕ್ಕಿತಲ್ಲ ಎಂದು ಉಳಿದ ರೂಪಾಯಿಗೆ ಬೀಡಾ ಹಾಕಿಕೊಂಡು ಹೋದರು.

ಉಚ್ಚಂಗೆಪ್ಪ ಮೇಷ್ಟ್ರಿಗೂ ನ್ಯಾಯ ಸಿಕ್ಕಿತು. ಅವರು ಬೆನ್ನು ನೆಟ್ಟಗೆ ಮಾಡಿ, ಕಣ್ಣು ಮುಚ್ಚಿ, ಯಾರನ್ನೂ ಉದ್ದೇಶಿಸದೆ ಎಂಥ ತನ್ಮಯತೆಯಿಂದ ಕೈಮುಗಿಯುತ್ತಿದ್ದರೆಂದರೆ, ಹೊಸ ಗಿರಾಕಿಗಳಿಗೆ ಗುರುಬಸವರಾಜ ಅವರನ್ನೇ ತೋರಿಸಿ "ಹಂಗ ಮಾಡ್ರಿ" ಎನ್ನುತ್ತಿದ್ದ. ಒಂದು ದಿನವೂ ಅವರು ನಪಾಸಾಗಲಿಲ್ಲ.

ಮುಂದಿನ ಸಂತೆಗೆ ಜಂಬಣ್ಣ ಬಂದ. ಗಂಗಾಂಬಿಕಾ ಬಿಸಿ ರೊಟ್ಟಿಯನ್ನೇ ಆರಿಸಿ ತಂದಳು. ಜಂಬಣ್ಣ ಎಡೆ ಇಟ್ಟ, ಕೈಮುಗಿದ, ಕಣ್ಣು ಬಿಟ್ಟು ಪಲ್ಯಕ್ಕೆ ಕೈ ಹಾಕಿದ.

"ಆರು ಸೆಕೆಂಡು," ಎಂದ ಗುರುಬಸವರಾಜ. "ನಪಾಸು. ಹದಿಮೂರು ರೂಪಾಯಿ."

"ಸಾಹೇಬ್ರ! ಗ್ವಾಡಿ ಮ್ಯಾಲ ಬರ್ದಿರಾದು ಇವಂದ ಹೆಸ್ರಲ್ಲೇನ್ರಿ!" ಎಂದಳು ಗಂಗಾಂಬಿಕಾ.

"ಅದಕ್ಕ ಬ್ಯಾಸರ. ಮಾದರಿ ಇದ್ದವ್ರ ಹಿಂಗ ಮಾಡಿದ್ರ ಮಂದಿಗೆ ಏನು ಹೇಳಾದು?"

ಗಂಗಾಂಬಿಕಾ ಜಂಬಣ್ಣನ ಪಕ್ಕ ಕುಕ್ಕರಗಾಲಲ್ಲಿ ಕೂತಳು. "ಯಪ್ಪಾ ಜಂಬಣ್ಣ, ಹೋದ ಸಂತಿಗೆ ಅಷ್ಟೊತ್ತು ಮುಗಿದ್ಯಲ್ಲ, ಹಂಗ ಇನ್ನೊಂದ್ಸಲ ಮುಗಿಯಪ್ಪ."

"ಅವತ್ತು ನನ್ನ ಕುರಿ ತಪ್ಪಿಸ್ಕಂಡಿತ್ತವ್ವಾ," ಎಂದ ಜಂಬಣ್ಣ. "ಕೇಳಾದು ಭಾಳ ಇತ್ತು. ಸಂಜಿಗೆ ಸಿಕ್ತು. ಇವತ್ತು ಎಲ್ಲಾ ಅದಾವ. ಸುಮ್ ಸುಮ್ನ ದೇವ್ರನ್ನ ಯಾಕ ನಿಲ್ಲಿಸ್ಕಂಡಿರಾದು? ಅವಗೂ ಕೆಲ್ಸ ಇರ್ತಾವ."

ಪಕ್ಕದ ತಾಟಿನಿಂದ ಉಚ್ಚಂಗೆಪ್ಪ ಮೇಷ್ಟ್ರು ಕನಿಕರದಿಂದ ಬಾಗಿದರು. "ಏನೂ ಕೇಳಬ್ಯಾಡೋ ಜಂಬಣ್ಣ. ಕೈ ಮುಗ್ಕಂಡು ಮನಸಿನಾಗ ಒಂದರಿಂದ ಹದಿನೇಳು ಎಣಿಸು. ನಾನು ದಿನಾ ಹಂಗ ಮಾಡ್ತೀನಿ."

"ದೇವರ ಮುಂದ ಕುಂತು ಲೆಕ್ಕ ಮಾಡಾದು ಚಂದ ಕಾಣಂಗಿಲ್ರಿ ಮೇಷ್ಟ್ರ," ಎಂದು ಜಂಬಣ್ಣ ಸೊಂಟದ ಚೀಲದಿಂದ ಹದಿಮೂರು ರೂಪಾಯಿ ತೆಗೆದಿಟ್ಟ. ಅವನಿಗೆ ಬೇಸರವೇನೂ ಆದಂತಿರಲಿಲ್ಲ. ಉಂಡೆದ್ದು, ರೊಟ್ಟಿ ಚಲೋ ಇತ್ತೆಂದು ಹೇಳಿ ಕಂಬಳಿ ಹೆಗಲಿಗೇರಿಸಿದ.

ಗಂಗಾಂಬಿಕಾಗೆ ಕರುಳು ಚುರ್ ಎಂದಿತು. ಊರಿಗೆ ಊರೇ ರಿಯಾಯಿತಿಯಲ್ಲಿ ಉಣ್ಣುವಾಗ, ತಾನು ಯಾರಿಗೆ ಕೊಡಬೇಕೆಂದಿದ್ದಳೋ ಅವನೊಬ್ಬನೇ ಪೂರಾ ದುಡ್ಡು ಕೊಟ್ಟು ಹೊರಟಿದ್ದ. ಕಡೆಗೆ ಎರಡು ರೊಟ್ಟಿಯಾದರೂ ಕಟ್ಟಿಕೊಡೋಣವೆಂದು ಒಳಗೆ ಹೋಗಿ ತಂದಳು. ಗುರುಬಸವರಾಜ ಗಡಿಯಾರವಿದ್ದ ಕೈ ಅಡ್ಡ ಹಿಡಿದ. ಬಿಟ್ಟಿ ರೊಟ್ಟಿ ಎಂದರೆ ಘೋಷಿಸದ ರಿಯಾಯಿತಿ, ಅದಕ್ಕೆ ಲೈಸೆನ್ಸ್ ರದ್ದಾಗುತ್ತದೆ. ಆಮೇಲೆ ರಿಜಿಸ್ಟರ್ ಬಿಚ್ಚಿ "ಪ್ರಾರ್ಥನೆ ಮಾಡದವರು" ಎಂಬ ಪುಟದಲ್ಲಿ ಒಂದು ಹೆಸರು ಬರೆದು, ಮಾಲೀಕರ ರುಜುವಿಗೆ ಅವಳ ಮುಂದೆ ಚಾಚಿದ. ಆ ಪುಟದಲ್ಲಿ ಅದೊಂದೇ ಹೆಸರು ಇದ್ದದ್ದು.

ಒಳಗೆ ಹೆಂಚಿನ ಮೇಲೆ ರೊಟ್ಟಿ ಸೀಯುತ್ತಿತ್ತು. ಅವಳು ರುಜು ಹಾಕಿದಳು. ಹಾಕಿ, ರೊಟ್ಟಿಯ ಗಂಟನ್ನು ಕಂಕುಳಲ್ಲಿ ಇಟ್ಟುಕೊಂಡೇ ಮೈಲಾರದ ದಿಕ್ಕಿಗೆ ತಿರುಗಿ, ಕೈಮುಗಿದು ಎಲ್ಲರಿಗೂ ಕೇಳುವ ಹಾಗೆ ಬೇಡಿಕೊಂಡಳು.

"ಯಪ್ಪಾ ಮೈಲಾರಲಿಂಗಾ, ಮುಂದ್ಲ ಸಂತಿ ದಿನ ಮುಂಜಾನಿ ಜಂಬಣ್ಣನ ಒಂದು ಕುರಿ ತಪ್ಪಿಸ್ಕಳ್ಳಲಿ. ಭಾಳ ದೂರ ಹೋಗಾದು ಬ್ಯಾಡ. ಅವ ಉಂಡು ಏಳಾದ್ರೊಳಗ ಸಿಗಲಿ."

ಸಾಲಿನಲ್ಲಿ ಕೂತಿದ್ದವರಿಗೆ ಇದು ತೀರಾ ನ್ಯಾಯವಾದ ಕೋರಿಕೆ ಎನಿಸಿತು. ಒಬ್ಬೊಬ್ಬರಾಗಿ ತುತ್ತು ಕೆಳಗಿಟ್ಟು ಅವರೂ ಅದನ್ನೇ ಬೇಡಿಕೊಂಡರು. ಉಚ್ಚಂಗೆಪ್ಪ ಮೇಷ್ಟ್ರು ಅತ್ತಿತ್ತ ನೋಡಿ, ಸಣ್ಣ ಕುರಿಯಾದರೆ ಸಾಕು ಎಂದು ಮೆಲ್ಲಗೆ ಸೇರಿಸಿದರು. ಗುರುಬಸವರಾಜ ಅಭ್ಯಾಸಬಲದಿಂದ ಗಡಿಯಾರ ಒತ್ತಿದವನು ಮುಳ್ಳು ನೋಡಿ, ಇಪ್ಪತ್ತೊಂದು ಸೆಕೆಂಡು, ಇಡೀ ಸಾಲು ಪಾಸು ಎಂದು ಘೋಷಿಸಿ, ತನಗಿನ್ನೊಂದು ರೊಟ್ಟಿ ಹಾಕಲು ಹೇಳಿದ.