ಭಾವನವರ ಕೊಬ್ಬಿನ ಸಂಶೋಧನೆ

ನಮ್ಮ ಭಾವನವರ ಎದುರು ಕೊಬ್ಬನ್ನು ಬೈದು ನೆಮ್ಮದಿಯಾಗಿ ಊಟ ಮುಗಿಸಿದವರನ್ನು ನಾನಿನ್ನೂ ಕಂಡಿಲ್ಲ! ಅಕ್ಕನನ್ನು ಬೈಯಿರಿ, ಅವರ ಹಳೇ ಕಾರನ್ನು ಬೈಯಿರಿ, ನಕ್ಕು ಸುಮ್ಮನಾಗುತ್ತಾರೆ. ಕೊಬ್ಬಿನ ಸುದ್ದಿಗೆ ಹೋದಿರೋ, ಕೆಟ್ಟಿರಿ.

ಅವರಿಗೆ ಡೆಟ್ರಾಯಿಟ್‌ನ ಒಂದು ಪ್ರಯೋಗಾಲಯದಲ್ಲಿ ಕೆಲಸ. ಜೀವಕೋಶದ ಹೊರಪೊರೆ ಕೊಬ್ಬಿನದಂತೆ. ಅದರಲ್ಲಿ ಕೂರುವ ಪ್ರೋಟೀನು ಸರಿಯಾಗಿ ಮಡಿಚಿಕೊಳ್ಳಬೇಕಾದರೆ ಸುತ್ತ ತಕ್ಕ ಕೊಬ್ಬಿರಬೇಕಂತೆ. ಇದನ್ನು ಅವರು ಅಲ್ಲೇ ಹತ್ತಿರದ ಪ್ಲಿಮತ್‌ನ ತಮ್ಮ ಮನೆಯ ಅಡುಗೆಕಟ್ಟೆಯ ಮೇಲೆ ಚಪಾತಿ ಹಿಟ್ಟಿನಲ್ಲೇ ತೋರಿಸುತ್ತಾರೆ. "ನೋಡು, ಎಣ್ಣೆ ಸವರದೆ ಮಡಿಚ್ದೆ. ಏನಾಯ್ತು? ಪದರ ಎಲ್ಲಾ ಅಂಟ್ಕೊಂಡ್ತು. ಹಿಟ್ಟು ಅದೇ ತಾನೆ?" ಒಮ್ಮೆ ಕನ್ನಡಿಗರೆಲ್ಲ ಒಂದೊಂದು ಅಡುಗೆ ತಂದು ಸೇರುವ ಯುಗಾದಿ ಪಾಟ್‌ಲಕ್‌ನಲ್ಲಿ ಎರಡು ನಿಮಿಷ ಮಾತಾಡಿ ಎಂದು ಮೈಕು ಕೊಟ್ಟರು. ನಲವತ್ತು ನಿಮಿಷ! ಕೊನೆಗೆ ಮುಂದಿನ ಸಾಲಿನಲ್ಲಿದ್ದ ಹೃದ್ರೋಗದ ಡಾಕ್ಟರ್ ಅಂಕಲ್ ಎದ್ದು, "ಹೀಗೇ ಹೇಳ್ತಿರಿ ಸಾರ್, ನನ್ನ ಪ್ರಾಕ್ಟೀಸ್ ಚೆನ್ನಾಗಿ ನಡೆಯುತ್ತೆ" ಎಂದರು. ಭಾವ ಅದನ್ನು ಹೊಗಳಿಕೆ ಎಂದೇ ತಿಳಿದರು.

ಇಂಥ ಮನೆಗೆ, ಅಪ್ಪ ತೀರಿಕೊಂಡ ಮೇಲೆ, ನಮ್ಮ ಅಮ್ಮ ಬಂದಳು. ಅಪ್ಪನಿಗೆ ತುಪ್ಪವೆಂದರೆ ಪ್ರಾಣ. ಅವರೇ ಹೋದ ಮೇಲೆ ತನಗೇಕೆ ಎಂದು ತುಪ್ಪ ಬಿಟ್ಟಿದ್ದಳು. ದಾವಣಗೆರೆಯಲ್ಲಿ ಇಡೀ ಓಣಿಗೆ ಕೇಳುವಂತೆ ಮಾತಾಡುತ್ತಿದ್ದವಳು ಇಲ್ಲಿ ಒಣ ಚಪಾತಿ ತಿಂದು, ಕೋಣೆ ಸೇರಿ, ಗೋಡೆಗೆ ಮುಖ ಮಾಡಿ ಮಲಗುತ್ತಿದ್ದಳು. ನಾನಿರುವ ಪ್ಲೇನ್‌ಫೀಲ್ಡ್‌ನಿಂದ ನಾಲ್ಕೂವರೆ ಗಂಟೆ ಡ್ರೈವ್ ಮಾಡಿ ಬಂದು ಕೂತರೂ ನಾಲ್ಕು ಮಾತಿಲ್ಲ. ಅಮ್ಮ ಹೀಗೇ ಮುಗಿದುಹೋದರೆ ಎಂದು ಅಕ್ಕನಿಗೂ ನನಗೂ ಹೆದರಿಕೆಯಾಗತೊಡಗಿತ್ತು.

ಭಾವನವರ ಸಂಕಟವಂತೂ ಕೇಳಬೇಡಿ. ಅತ್ತೆಯೊಡನೆ ನೇರವಾಗಿ ಮಾತಾಡುವ ರೂಢಿಯೇ ಅವರಿಗಿಲ್ಲ, ಮದುವೆಯಾದಾಗಿನಿಂದ! ಹೇಳುವುದನ್ನೆಲ್ಲ ಫ್ರಿಜ್‌ಗೆ ಹೇಳುತ್ತಿದ್ದರು.

"ಕೆಲವರು ಒಂದು ಚಮಚ ತುಪ್ಪ ಹಾಕ್ಕೊಂಡ್ರೆ ಏನೂ ಆಗಲ್ಲ."

ಅಮ್ಮನ ಉತ್ತರವೂ ಫ್ರಿಜ್‌ಗೇ. "ಕೆಲವರಿಗೆ ಬ್ಯಾಡಂತೆ."

ಪಾಪ, ಫ್ರಿಜ್ ಇಬ್ಬರ ಮಾತೂ ಕೇಳಿಸಿಕೊಂಡು ಗುಂಯ್ ಎನ್ನುತ್ತಿತ್ತು.

ಒಂದು ಶನಿವಾರ ನಾವು ಮಧ್ಯಾಹ್ನದ ಊಟಕ್ಕೆ ಕೂತಿದ್ದಾಗ ಭಾವ ಪ್ರಯೋಗಾಲಯದಿಂದ ಬಂದವರು ಬೂಟೂ ಬಿಚ್ಚದೆ ಒಳಗೆ ನುಗ್ಗಿದರು. "ತಿರುಗ್ತು! ತಿರುಗ್ತು ಕಣ್ರೇ!" ಏನು ತಿರುಗಿತು? ಕೊಬ್ಬಿನ ಕೊರತೆಯಲ್ಲಿ ತಲೆಕೆಳಗಾಗಿ ಮಡಿಚಿಕೊಂಡಿದ್ದ ಪ್ರೋಟೀನು! ಬೇಕಾದ ಕೊಬ್ಬನ್ನು ತಡವಾಗಿ ಕೊಟ್ಟರೂ ಅದು ಸರಿಯಾಗಿ ತಿರುಗಿಕೊಂಡಿತ್ತಂತೆ. ಒಮ್ಮೆ ಕೆಟ್ಟು ಮಡಿಚಿದ್ದು ಇನ್ನು ಸರಿಹೋಗದು ಎಂದು ಜೊತೆಯವರೆಲ್ಲ ಕೈಬಿಟ್ಟಿದ್ದರಂತೆ.

ನಾವು ಬಾಯಿ ತೆರೆಯುವ ಮೊದಲೇ ಅವರು ಅಮ್ಮನ ಎದುರಿನ ಕುರ್ಚಿ ಎಳೆದು ಕೂತರು. ಫ್ರಿಜ್ ಕಡೆ ನೋಡಲಿಲ್ಲ.

"ಅತ್ತೆ, ಮಾವನೋರ ಜಾಗ ನಾನು ತುಂಬಕ್ಕಾಗಲ್ಲ. ಆದ್ರೆ ನಿಮ್ಮ ಸುತ್ತ ನಾವಿದ್ದೀವಲ್ಲ. ತಡವಾದ್ರೂ..."

ನಲವತ್ತು ನಿಮಿಷದ ಭಾಷಣಕಾರರು ಅಷ್ಟಕ್ಕೇ ನಿಲ್ಲಿಸಿ ತುಪ್ಪದ ಡಬ್ಬಿಯನ್ನು ಅಮ್ಮನ ಕಡೆ ಸರಿಸಿದರು.

ಅಮ್ಮ ಅವರ ಬೂಟು ನೋಡಿದಳು. ಆಮೇಲೆ ತಟ್ಟೆಯನ್ನು ಅಳಿಯನ ಕಡೆ ಸರಿಸಿದಳು.

"ಮೊದ್ಲು ಆ ಬೂಟು ಬಿಚ್ಚಿ ಕೈ ತೊಳ್ಕಂಡು ಬರ್ರಿ. ಆಮ್ಯಾಲೆ ಒಂದು ಚಮಚ ಹಾಕ್ರಿ."

ಕೈ ತೊಳೆಯಲು ಬಚ್ಚಲಿಗೆ ಹೋದ ಭಾವ ನಲ್ಲಿ ಬಿಟ್ಟುಕೊಂಡು ಎಷ್ಟು ಹೊತ್ತಾದರೂ ಹೊರಗೆ ಬರಲಿಲ್ಲ; ನೀರಿನ ಸದ್ದಿನ ನಡುವೆ ಅವರು ಮೂಗು ಸೀಟುವುದು ಕೇಳುತ್ತಿತ್ತು. ಅಮ್ಮ ಮಾತ್ರ ಚಪಾತಿ ಮುಟ್ಟದೆ ಕಾದು ಕೂತಿದ್ದಳು.