ಬೀಗರ ಮುಂದೆ ಮ್ಯಾಂಗೋ

ಅನ್ನದಲ್ಲಿ ಕಲ್ಲು ಸಿಕ್ಕರೂ ಸದ್ದಿಲ್ಲದೆ ನುಂಗಿಬಿಡುವ ಪುಣ್ಯಾತ್ಮರಿದ್ದಾರೆ. ನನಗೂ ಅದು ಕಷ್ಟವಲ್ಲ. ಆದರೆ ತಪ್ಪು ಮಾತೊಂದನ್ನು ಕೇಳಿ ನುಂಗುವುದು ಮಾತ್ರ ನನ್ನಿಂದಾಗದು. ಅದೂ ಇಂಗ್ಲಿಷ್ ಶಬ್ದದ ವಿಷಯವಾದರೆ ಮುಗಿಯಿತು. ಅಂಕೋಲೆಯ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತನಾದವನು ನಾನು. ಮಕ್ಕಳಿಗೆ ಎಷ್ಟು ಬಂತೋ ದೇವರಿಗೇ ಗೊತ್ತು, ನನಗಂತೂ ಒಂದು ಚಟ ಹತ್ತಿಕೊಂಡಿತು. ಯಾವ ಶಬ್ದ ಕಿವಿಗೆ ಬಿದ್ದರೂ ಅದರ ಅಪ್ಪ ಯಾರು, ಅಜ್ಜ ಯಾರು, ಯಾವ ಊರಿನವರು ಎಂದು ಹುಡುಕುವುದು. ಹುಡುಕಿದ್ದನ್ನು ಇಟ್ಟುಕೊಳ್ಳಲಾರದೆ ಎದುರಿಗೆ ಸಿಕ್ಕವರಿಗೆ ಹೇಳುವುದು. ಬಸ್ ಸ್ಟ್ಯಾಂಡಿನಲ್ಲಿ ನನ್ನನ್ನು ಕಂಡವರು ತಮ್ಮದಲ್ಲದ ಬಸ್ಸನ್ನೂ ಹತ್ತಿಬಿಡುತ್ತಾರೆ. ಕ್ಷೌರದಂಗಡಿಯವ ಮಾತ್ರ ಪಾಪ, ಎಲ್ಲಿಗೆ ಓಡಿಯಾನು? ಆದರೆ ಅವನ ಕೈಯಲ್ಲಿ ಕತ್ತಿ ಇರುವುದರಿಂದ ಅಲ್ಲಿ ನಾನೇ ಸ್ವಲ್ಪ ಹಿಡಿತದಲ್ಲಿರುತ್ತೇನೆ.

ಈ ಚಟ ನನ್ನ ಮಗಳ ಮದುವೆಗೇ ಕಂಟಕವಾಗುತ್ತದೆಂದು ಕನಸಿನಲ್ಲೂ ಎಣಿಸಿರಲಿಲ್ಲ. ಮಗಳು ನಯನಾ ಮಲ್ಲಾಪುರದ ಟೌನ್‌ಶಿಪ್ಪಿನಲ್ಲಿ ಟೀಚರ್. ಅಲ್ಲೇ ಅಣುವಿದ್ಯುತ್ ಸ್ಥಾವರದಲ್ಲಿ ಕೆಲಸದಲ್ಲಿರುವ ಪ್ರಸಾದ ಎಂಬ ಹುಡುಗನನ್ನು ಅವಳು ಮೆಚ್ಚಿದ್ದಳು. ನಾವೂ ನೋಡಿದೆವು. ನಗುಮೊಗದ ಹುಡುಗ, ನಾನು ಮಾತಾಡಿದರೆ ಎದ್ದು ಹೋಗದೆ ಕೇಳುವವ. ಅಂಥ ಅಳಿಯ ನನಗೆ ಮತ್ತೆಲ್ಲಿ ಸಿಕ್ಕಾನು? ತೊಡಕು ಒಂದೇ. ನಮ್ಮ ಮನೆಮಾತು ಕನ್ನಡ, ಕಾರವಾರದ ಶಿರವಾಡದಲ್ಲಿರುವ ಅವರದು ಕೊಂಕಣಿ. ಪ್ರಸಾದನ ತಂದೆ ಗಜಾನನರಿಗೆ ತಮ್ಮ ಮಾತೆಂದರೆ ಪ್ರಾಣ. ‘ಸೊಸೆ ಬಂದಮೇಲೆ ನಮ್ಮ ಮನೇಲಿ ಕೊಂಕಣಿ ಉಳೀತದಾ’ ಎಂಬುದೊಂದೇ ಅವರ ಅನುಮಾನ ಎಂದು ಮಗಳು ಮೊದಲೇ ತಿಳಿಸಿದ್ದಳು. ಹೋದ ಮೇ ತಿಂಗಳ ಒಂದು ಭಾನುವಾರ ಗಂಡ ಹೆಂಡತಿ ಇಬ್ಬರೂ ನಮ್ಮ ಮನೆ ನೋಡಿ ಮಾತಾಡಲು ಬರುವುದಿತ್ತು. ತಮ್ಮ ತೀರ್ಮಾನವನ್ನು ಆಮೇಲೆ ಫೋನಿನಲ್ಲಿ ಹೇಳುತ್ತೇವೆಂದಿದ್ದರು.

ಬೆಳಿಗ್ಗೆಯೇ ನನ್ನ ಹೆಂಡತಿ ಸುಮಿತ್ರಾ ಅಡುಗೆಮನೆಗೆ ಕರೆದು ಹೇಳಿದಳು: “ಇಲ್ಕೇಳಿ, ಇವತ್ತೊಂದಿನ ನಿಮ್ಮ ಶಬ್ದದ ಗಂಟು ಬಿಚ್ಚೂದ್ ಬೇಡ. ಬಂದವ್ರು ಎಂತ ಹೇಳಿದ್ರೂ ಹೌದು ಅನ್ನಿ.”

“ತಪ್ಪು ಹೇಳಿದ್ರೆ?”

“ತಪ್ಪು ಹೇಳಿದ್ರೆ ಎರಡು ಸಲ ಹೌದು ಅನ್ನಿ.”

ಊಟದವರೆಗೆ ನಾನು ಬಂಗಾರದಂಥ ಮನುಷ್ಯನಾಗಿದ್ದೆ. ಹೌದು ಅಂದೆ, ಹೌದ್ಹೌದು ಅಂದೆ. ಗಜಾನನರು ಕಾರವಾರದ ಬಂದರು ಇಲಾಖೆಯಲ್ಲಿದ್ದು ನಿವೃತ್ತರಾದವರು, ಗಟ್ಟಿ ದನಿ, ದೊಡ್ಡ ನಗು. ಅವರ ಹೆಂಡತಿ ಮಿತಭಾಷಿ. ಬರುವಾಗ ತಾವೇ ಹಾಕಿದ ಮಿಡಿಯುಪ್ಪಿನಕಾಯಿ ಭರಣಿ ತಂದಿದ್ದರು. ಎಲ್ಲವೂ ಸುಸೂತ್ರ. ಊಟ ಮುಗಿದಮೇಲೆ ಸುಮಿತ್ರಾ ಕರಿ ಇಶಾಡ ಮಾವಿನ ಹಣ್ಣುಗಳನ್ನು ತಂದಿಟ್ಟಳು. ಅಂಕೋಲೆಯವರ ಮನೆಗೆ ಮೇ ತಿಂಗಳಲ್ಲಿ ಬಂದವರಿಗೆ ಇಶಾಡ ಕೊಡದೆ ಕಳಿಸುವುದುಂಟೆ? ತೆಳು ಸಿಪ್ಪೆಯ ಈ ಹಣ್ಣನ್ನು ಹೋಳು ಮಾಡಿ ತಿನ್ನುವವರು ಪರವೂರಿನವರು. ನಮ್ಮವರು ಹಿಚುಕಿ, ತೊಟ್ಟು ಕಿತ್ತು, ಬಾಯಿಗಿಟ್ಟು ಚೀಪುತ್ತಾರೆ. ಗಜಾನನರೂ ಅಂಗಿಯ ತೋಳು ಮಡಚಿ ಶುರು ಮಾಡಿದರು. ರಸ ಮೊಣಕೈವರೆಗೆ ಇಳಿಯಿತು. ಕಣ್ಣು ಮುಚ್ಚಿ ಹೇಳಿದರು: “ವಾಹ್! ಎಂಥ ಆಂಬೊ! ಮಾಸ್ತರೆ, ಈ ಇಂಗ್ಲಿಷಿನವರಿಗೆ ಮ್ಯಾಂಗೋ ಅಂತ ಹೇಳೂಕೆ ಕಲಿಸಿದವ್ರು ನಾವೇ ಅಲ್ವಾ? ನಮ್ಮ ಕೊಂಕಣಿ ಆಂಬೊದಿಂದಲೇ ಅದು ಹುಟ್ಟಿದ್ದು.”

ಸುಮಿತ್ರಾ ನನ್ನ ಕಡೆ ನೋಡಿದಳು. ಮಗಳೂ ನೋಡಿದಳು. ನಾನು ‘ಹೌದು’ ಎನ್ನಲೆಂದೇ ಬಾಯಿ ತೆರೆದೆ. ದೇವರಾಣೆಗೂ ಅದಕ್ಕಾಗಿಯೇ ತೆರೆದೆ. ಹೊರಗೆ ಬಂದದ್ದು ಬೇರೆ. “ಹಾಗಲ್ಲ ಮಾರಾಯ್ರೆ, ಅದು ಆಂಬೊದಿಂದ ಬಂದದ್ದಲ್ಲ. ತಮಿಳಿನವರ ಮಾಂಗಾಯ್, ಮಲಯಾಳದವರ ಮಾಙ್ಙ ಅಂತ ಉಂಟಲ್ಲ, ಅದನ್ನು ಪೋರ್ಚುಗೀಸರು ಮಂಗಾ ಮಾಡಿದ್ರು. ಅಲ್ಲಿಂದ ಇಂಗ್ಲಿಷಿಗೆ ಹೋಯ್ತು. ಮಾಂಗಾಯಲ್ಲಿರೂದು ನಮ್ಮ ಮಾವಿನಕಾಯಿಯ ಮಾವೇ. ಲೆಕ್ಕಕ್ಕೆ ತಗೊಂಡ್ರೆ ಅದು ನಮ್ಮ ಕಡೆಯ ನೆಂಟ.”

‘ನಮ್ಮ ಕಡೆಯ’ ಎಂಬುದನ್ನಾದರೂ ಬಿಡಬಹುದಿತ್ತು. ಗಜಾನನರು ಕಣ್ಣು ತೆರೆದರು. ಎದ್ದು ಹೋಗಬೇಕೆಂದರೂ ಮೊಣಕೈವರೆಗೆ ರಸ, ಎಲ್ಲಿಗೆ ಹೋಗುವುದು? ಗೊರಟೆಯನ್ನು ತಟ್ಟೆಯಲ್ಲಿಟ್ಟು ಕೇಳಿದರು: “ಸರಿ, ಮಂಗಾ ಅಂತ ಇದ್ದದ್ದು ಮ್ಯಾಂಗೋ ಹೆಂಗಾಯ್ತು? ಕೊನೆಗೆ ಓ ಎಲ್ಲಿಂದ ಬಂತು? ಆಂಬೊದಲ್ಲಿ ಓ ಉಂಟು, ನೋಡಿ!”

ಆ ಓ ಎಲ್ಲಿಂದ ಬಂತೆಂದು ನನಗೆ ನಿಜಕ್ಕೂ ಗೊತ್ತಿಲ್ಲ. ಗೊತ್ತಿಲ್ಲವೆಂದು ಒಪ್ಪಿಕೊಂಡು ಎರಡನೆಯ ಹಣ್ಣು ಕೊಟ್ಟಿದ್ದರೆ ಮುಗಿಯುತ್ತಿತ್ತು. ಸೋಲಿನ ಸಂಕಟದಲ್ಲಿ ಮಾತು ತಿರುಗಿಸಲು ಹೋಗಿ ಇನ್ನೂ ಆಳಕ್ಕೆ ಬಿದ್ದೆ. “ಅದಿರ್ಲಿ, ತಮಾಷೆ ಕೇಳಿ. ಆಗ ಹಡಗಿನಲ್ಲಿ ಹಣ್ಣು ಕೊಳೀತದೆ ಅಂತ ಇಂಗ್ಲೆಂಡಿಗೆ ಮಾವು ಹೋಗ್ತಿದ್ದದ್ದು ಉಪ್ಪಿನಕಾಯಾಗಿ. ಅವ್ರು ಮ್ಯಾಂಗೋ ಅಂದ್ರೆ ಉಪ್ಪಿನಕಾಯಿ ಅಂತಲೇ ತಿಳಿದು, ಸೌತೆಕಾಯಿ ಉಪ್ಪಿನಕಾಯಿಗೂ ಮ್ಯಾಂಗೋ ಅಂದ್ಬಿಟ್ರು!” ಎಂದು ನಗುತ್ತ, ಅವರು ತಂದ ಭರಣಿಯತ್ತ ಕೈ ತೋರಿಸಿದೆ.

ಅಲ್ಲಿಯವರೆಗೆ ಬಾಯಿ ಬಿಡದ ಬೀಗತಿ ಮೆಲ್ಲಗೆ ಕೇಳಿದರು: “ನಾ ತಂದದ್ದು ಸೌತೆಕಾಯಿ ಅಲ್ಲ, ಮಾವಿನಮಿಡಿಯೇ. ತೆಗ್ದು ನೋಡ್ತ್ರ್ಯಾ?”

ಅವರು ಹೋದಮೇಲೆ ಸುಮಿತ್ರಾ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಸಮಾಧಾನವಾಗುತ್ತಿತ್ತು. ಸುಮ್ಮನೆ ಸಿಪ್ಪೆ ಬಳಿದು ಹಾಕಿದಳು. ಮಗಳು ಸಂಜೆ ಬಸ್ಸಿಗೆ ಮಲ್ಲಾಪುರಕ್ಕೆ ಹೋದಳು, ಹೋಗುವಾಗ “ಬರ್ತೆ ಅಪ್ಪಾ” ಎಂದಷ್ಟೇ ಹೇಳಿದಳು. ಆ ಎರಡು ಶಬ್ದಗಳಲ್ಲಿ ಸಿಟ್ಟಿತ್ತೋ ಅಳುವಿತ್ತೋ ನನಗೆ ತಿಳಿಯಲಿಲ್ಲ.

ಮುಂದಿನ ದಿನಗಳನ್ನು ನನ್ನ ಶತ್ರುವಿಗೂ ಬಯಸಲಾರೆ. ಫೋನ್ ಬಡಿದರೆ ಎದೆ ಬಡಿಯುತ್ತಿತ್ತು, ಬಡಿಯದಿದ್ದರೆ ಇನ್ನೂ ಜೋರಾಗಿ ಬಡಿಯುತ್ತಿತ್ತು. ಸಾಲ ಬೇಕೇ ಎಂದು ಕೇಳುವ ಹುಡುಗಿಯ ಕರೆಗೂ “ನಮಸ್ಕಾರ, ಎಲ್ಲರೂ ಆರಾಮಾ?” ಎಂದೆ. ನಾನೇ ಮಾಡಿ ಕ್ಷಮೆ ಕೇಳೋಣವೆಂದರೆ, ಕ್ಷಮೆ ಕೇಳುತ್ತ ಕೇಳುತ್ತ ಪೋರ್ಚುಗೀಸರನ್ನು ಮತ್ತೆ ಕರೆತರುವುದಿಲ್ಲವೆಂಬ ಧೈರ್ಯ ನನಗೇ ಇರಲಿಲ್ಲ. ನನ್ನ ನಾಲಗೆಯಿಂದಾಗಿ ಮಗಳ ಬಾಳು ನಿಂತುಹೋಯಿತಲ್ಲ ಎಂದು ಒಬ್ಬನೇ ಕೂತು ಕಣ್ಣೊರೆಸಿಕೊಂಡದ್ದೂ ಉಂಟು. ಮನೆಯಲ್ಲಿ ಮಾತೇ ಬಿಟ್ಟೆ. ಪಕ್ಕದ ಮನೆಯವರು ಬಂದು, “ಮಾಸ್ತರೆ, ಈ ‘ಮಾನ್ಸೂನ್’ ಅನ್ನೂದು ಯಾವ ಭಾಷೆಯದು?” ಎಂದು ತಾವಾಗಿ ಕೇಳಿದರು. ಇಷ್ಟು ವರ್ಷಗಳಲ್ಲಿ ಒಬ್ಬರು ತಾವಾಗಿ ಕೇಳಿದ್ದು ಅದೇ ಮೊದಲು. ಉತ್ತರ ಗಂಟಲವರೆಗೆ ಬಂದಿತ್ತು. “ಗೊತ್ತಿಲ್ಲ” ಎಂದೆ. ಅವರು ನನಗೆ ಜ್ವರವಿದೆಯೇ ಎಂದು ಸುಮಿತ್ರಾಳನ್ನು ವಿಚಾರಿಸಿ ಹೋದರು.

ಮರು ಭಾನುವಾರ ಮಗಳು ಬಂದಳು. ನಾನು ಜಗಲಿಯಲ್ಲಿ ಕೂತಿದ್ದೆ. ಒಳಗೆ ತಾಯಿ ಮಗಳು ಸೀರೆ ಹರವಿಕೊಂಡು, ನಿಶ್ಚಿತಾರ್ಥಕ್ಕೆ ಹಸಿರು ಒಳ್ಳೆಯದೋ ನೇರಳೆ ಒಳ್ಳೆಯದೋ ಎಂದು ಮಾತಾಡುತ್ತಿದ್ದುದು ಕೇಳಿಸಿತು.

“ಯಾರ ನಿಶ್ಚಿತಾರ್ಥ?” ಎಂದು ಒಳಗೆ ನುಗ್ಗಿದೆ.

“ಯಾರದು ಅಂದ್ರೆ? ನಮ್ಮ ನಯನಂದು” ಎಂದಳು ಸುಮಿತ್ರಾ, ಸೀರೆಯಿಂದ ಕಣ್ಣೆತ್ತದೆ. “ಅವತ್ತೇ ಅವ್ರು ಶಿರವಾಡ ಮುಟ್ಟಿದ್ ಕೂಡ್ಲೇ ನನ್ನ ಮೊಬೈಲಿಗೆ ಫೋನ್ ಮಾಡಿದ್ರು. ಗಜಾನನರಿಗೆ ಬಹಳ ಖುಷಿ. ಮಾತಿನ ಮೇಲೆ ಇಷ್ಟು ಜೀವ ಇಟ್ಕಂಡ ಮನೆಯ ಹುಡುಗಿ ನಮ್ಮ ಕೊಂಕಣಿಯನ್ನೂ ಬಿಡೂದಿಲ್ಲ ಅಂದ್ರು.”

ಅಲ್ಲೇ ಸೀರೆಗಳ ಮೇಲೆ ಕೂತುಬಿಟ್ಟೆ. “ಮಾರಾಯ್ತಿ, ವಾರವಿಡೀ ಸಾಯ್ತಾ ಇದ್ದೆನಲ್ಲೇ ನಾನು! ಒಂದು ಮಾತು ಹೇಳಬಾರದಿತ್ತಾ?”

“ಹೇಳೂಕೇ ಬಂದಿದ್ದೆ” ಎಂದಳು. “ನೋಡಿದ್ರೆ ನೀವು ಸುಮ್ಮನೆ ಕೂತಿದ್ರಿ. ಮದುವೆಯಾದಾಗಿಂದ ಈ ಮನೇಲಿ ಅಷ್ಟು ನಿಶ್ಶಬ್ದ ನಾ ಕಂಡೇ ಇರ್ಲಿಲ್ಲ. ಇನ್ನೊಂದಿನ ಹೋಗ್ಲಿ, ಇನ್ನೊಂದಿನ ಹೋಗ್ಲಿ ಅಂದ್ಕಂಡೆ.”

ಸಿಟ್ಟು ಬರಬೇಕಿತ್ತು. ಆದರೆ ಮಗಳು ಸೀರೆ ಬಾಯಿಗೊತ್ತಿಕೊಂಡು ನಗುತ್ತಿದ್ದಳು, ಆ ನಗು ನೋಡಿ ನನ್ನ ಕಣ್ಣು ಮಂಜಾಯಿತು. ಮೂಗೊರೆಸಿಕೊಂಡು ಕೇಳಿದೆ: “ಹಾಗಾದ್ರೆ ಇನ್ನು ನಾನು ಮಾತಾಡಬಹುದಾ?”

ತಾಯಿ ಮಗಳು ಮುಖ ಮುಖ ನೋಡಿಕೊಂಡರು. “ಮದುವೆ ಒಂದು ಮುಗೀಲಿ ಅಪ್ಪಾ” ಎಂದಳು ನಯನಾ.